ಮಾವನ ಹೊರಸಿನ ಕೆಳಗಿನ ನಾಲ್ಕು ಮರಿಗಳು

ನಾನು ಮುದ್ದೇಬಿಹಾಳದ ಹೆಣ್ಣು. ಮನಗೂಳಿಗೆ ಸೊಸೆಯಾಗಿ ಬಂದ ಮೂರನೆಯ ವರ್ಷ ನನ್ನ ಮಾವನವರಿಗೆ ಲಕ್ವಾ ಹೊಡೆಯಿತು. ಎಪ್ಪತ್ತರ ದಶಕದ ನಡುವಿನ ಮಾತಿದು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಅಲ್ಲಿಯವರೆಗೆ ಅವರು ಪಡಸಾಲೆಯಲ್ಲಿದ್ದರೆ ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಗೋಡೆ ಸವರಿಕೊಂಡೇ ಹೋಗುತ್ತಿದ್ದೆ. ಈಗ ಅವರ ಬಾಯಿ ಒರೆಸುವುದು, ಮಗ್ಗಲು ಬದಲಿಸುವುದು, ಬಟ್ಟೆ ಬದಲಿಸುವುದು ಎಲ್ಲವೂ ನನ್ನ ಪಾಲಿಗೆ ಬಂತು. ಅತ್ತೆಗೆ ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ಗಂಡ ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗುವವರು. ಉಳಿದವಳು ನಾನು, ನನ್ನ ಕಂಕುಳಲ್ಲಿ ಆರು ತಿಂಗಳ ಮಗಳು.

ಮನೆಯಲ್ಲಿ ಒಂದು ಕಂದು ಬಣ್ಣದ ಹೆಣ್ಣುನಾಯಿ ಇತ್ತು. ಮಾವನವರು ಹೊಲಕ್ಕೆ ಹೋದರೆ ಹಿಂದೆಯೇ ಹೋಗಿ ಅವರ ಜೊತೆಗೇ ಬರುತ್ತಿತ್ತು. ಅವರು ಹಾಸಿಗೆ ಹಿಡಿದ ಮೇಲೆ ಪಡಸಾಲೆಯಲ್ಲಿ ಅವರು ಮಲಗಿದ್ದ ಹೊರಸಿನ ಕೆಳಗೆ ಬಂದು ಮಲಗತೊಡಗಿತು. ಅಲ್ಲಿಯೇ ನಾಲ್ಕು ಮರಿ ಹಾಕಿತು. ಮರಿಗಳಿಗೆ ಇನ್ನೂ ತಿಂಗಳು ತುಂಬಿರಲಿಲ್ಲ, ಒಂದು ಮುಂಜಾನೆ ರಸ್ತೆ ದಾಟುವಾಗ ತಾಯಿ ಲಾರಿಯ ಕೆಳಗೆ ಸಿಕ್ಕಿತು.

ಮರಿಗಳ ಆರೈಕೆಯೂ ನನಗೇ ಬಂತು. ಆಡಿನ ಹಾಲಿಗೆ ನೀರು ಬೆರೆಸಿ, ಅರಿವೆಯ ತುದಿ ಅದ್ದಿ ಒಂದೊಂದರ ಬಾಯಿಗೂ ಇಡುತ್ತಿದ್ದೆ. ಎಂಟು ದಿನದಲ್ಲಿ ಅವು ತಟ್ಟೆಯಲ್ಲಿಯೇ ಕುಡಿಯಲು ಕಲಿತವು. ಆಮೇಲೆ ಜೋಳದ ನುಚ್ಚು, ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ. ಮಾವನವರು ಎಡಗೈಯನ್ನು ಹೊರಸಿನಿಂದ ಕೆಳಗೆ ಇಳಿಬಿಡುತ್ತಿದ್ದರು. ಮರಿಗಳು ಆ ಬೆರಳುಗಳನ್ನು ಚೀಪುತ್ತಿದ್ದವು. ಲಕ್ವಾ ಹೊಡೆದ ಮೇಲೆ ಅವರ ಮುಖದಲ್ಲಿ ಏನಾದರೂ ಆಡಿದ್ದನ್ನು ನಾನು ಕಂಡದ್ದು ಆಗಲೇ.

ಮರಿಗಳು ಹೊಲಸು ತಿನ್ನುವುದನ್ನು ಮೊದಲು ನೋಡಿದ ದಿನ ನನಗೆ ವಾಂತಿ ಬಂತು. ಬಿಳಿ ಹಣೆಯ ಮರಿ ಮೂಲೆಯಲ್ಲಿ ಕೂತು ಎದ್ದಿತು, ತಿರುಗಿ ನಿಂತು ತನ್ನದನ್ನೇ ತಿಂದುಬಿಟ್ಟಿತು. ಉಳಿದ ಮೂರೂ ಓಡಿಬಂದು ಪಾಲಿಗೆ ಕಿತ್ತಾಡಿದವು. ಹೊಟ್ಟೆ ತುಂಬಿಲ್ಲವೇನೋ ಎಂದು ಮರುದಿನದಿಂದ ನುಚ್ಚು ಹೆಚ್ಚು ಹಾಕಿದೆ. ಅವು ನುಚ್ಚನ್ನೂ ತಿಂದವು, ಹೊಟ್ಟೆ ಕೆಟ್ಟು ಎಲ್ಲೆಂದರಲ್ಲಿ ನೀರುನೀರಾಗಿ ಕೂತವು, ಅದನ್ನೂ ನೆಕ್ಕಿದವು. ಅಂಗಳಕ್ಕೆ ಬಿಟ್ಟರೆ ಆಡಿನ ಹಿಕ್ಕೆ, ಎತ್ತಿನ ಸಗಣಿ, ಬೆಕ್ಕು ಮಣ್ಣಲ್ಲಿ ಮುಚ್ಚಿಟ್ಟದ್ದು. ಮನೆಯೊಳಗೆ ಬಂದರೆ ಬೀಡಿಯ ತುಂಡು, ಬಚ್ಚಲ ಕಲ್ಲಿನ ಮೇಲಿನ ಸಬಕಾರ, ಎಣ್ಣೆ ಕುಡಿದ ದೀಪದ ಬತ್ತಿ, ಅತ್ತೆಯ ಎಲೆಚೀಲದ ಸುಣ್ಣದ ಡಬ್ಬಿ. ಹರಳೆಣ್ಣೆಗೆಂದು ಔಡಲಕಾಳು ಒಣಹಾಕಿದ ಚಾಪೆಯಿಂದ ಒಂದು ಮರಿಯನ್ನು ಎಳೆದು, ಬಾಯಲ್ಲಿ ಬೆರಳು ಹಾಕಿ ಕಾಳು ತೆಗೆದಿದ್ದೆ. ಕೂಸಿನ ಬಟ್ಟೆ ತೊಳೆಯಲು ಇಟ್ಟು ನೀರು ತರುವಷ್ಟರಲ್ಲಿ ಆ ಬಟ್ಟೆ ಸ್ವಚ್ಛವಾಗಿರುತ್ತಿತ್ತು. ಯಾರು ಮಾಡಿದರೆಂದು ಕೇಳಬೇಕಾಗಿರಲಿಲ್ಲ.

ಪಕ್ಕದ ಮನೆಯ ಹೆಂಗಸು ಉಪಾಯ ಹೇಳಿದಳು. "ಅದರ ಮ್ಯಾಗ ಖಾರಪುಡಿ ಉದರಸಽ. ಒಮ್ಮಿ ಬಾಯಿ ಸುಟ್ಟರ ಮತ್ತ ಮುಟ್ಟಂಗಿಲ್ಲ."

ಉದುರಿಸಿದೆ. ಮರಿ ಸೀನಿತು, ಕಣ್ಣಲ್ಲಿ ನೀರು ತಂದುಕೊಂಡಿತು, ತಲೆ ಕೊಡವಿ ಮತ್ತೆ ಬಾಯಿ ಹಾಕಿತು. ಬೂದಿ ಹಾಕಿದೆ. ಬೂದಿ ಸಮೇತ ತಿಂದಿತು. ಕಟ್ಟಿ ಹಾಕಿದೆ. ಹಗ್ಗವನ್ನೇ ಜಗಿದು ನುಂಗಿತು.

ಒಂದು ಮಧ್ಯಾಹ್ನ ಮಗಳು ಅಂಬೆಗಾಲಿಡುತ್ತ ಹೊರಸಿನ ಹತ್ತಿರ ಹೋಗಿ ಕೂತಿದ್ದಳು. ಒಂದು ಮರಿ ಅವಳ ತುಟಿ ನೆಕ್ಕುತ್ತಿತ್ತು, ಅವಳು ಬಾಯಿ ತೆರೆದು ನಗುತ್ತಿದ್ದಳು. ಮಂದ ಕಣ್ಣಿನ ಅತ್ತೆಗೂ ಅದು ಕಂಡಿತು.

"ಕೂಸಿನ ಬಾಯಿ ನೆಕ್ಕಾಕತ್ತೈತಿ ಅದು. ಈಗಷ್ಟ ಏನ್ ತಿಂದು ಬಂದೈತಿ, ಗೊತ್ತೈತೇನ್ ನಿನಗ?" ಎಂದರು.

"ಒಳಗ ಹಿಟ್ಟು ನಾದಾಕತ್ತಿದ್ನಿರಿ ಅತ್ತ್ಯಾರ. ಈಗ ಎತ್ತಕೊಂಡು ಬರ್ತೇನ್ರಿ."

"ಇವತ್ತ ಎತ್ತಕೋತಿ. ನಾಳಿಗಿ? ಕೂಸಿಗಿ ಏನರೆ ಆದ್ರ ಯಾರ ಜವಾಬ್ದಾರಿ? ಇವನ್ನ ಮೊದಲ ಹೊರಗ ಹಾಕಸು."

ಸಂಜೆ ಗಂಡ ನಾಲ್ಕೂ ಮರಿಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಸೈಕಲ್ಲಿಗೆ ಕಟ್ಟಿದರು. ನಮ್ಮ ಹೊಲದಾಚೆ ಕುರಿಗಾರರು ಬೀಡು ಬಿಟ್ಟಿದ್ದರು. ಅಲ್ಲಿ ಬಿಟ್ಟು ಬಂದರು. "ಅವ್ರ ಕಡೆ ಹೊಟ್ಟಿ ತುಂಬತೈತಿ, ಕೆಲಸಾನೂ ಕಲೀತಾವು," ಎಂದರು. ನಾನು ಹೊರಸಿನ ಕೆಳಗೆ ತೊಳೆದು ಸಾರಿಸಿದೆ. ನಿಜ ಹೇಳುತ್ತೇನೆ, ನನಗೆ ಹಗುರಾಯಿತು.

ಮಾವನವರು ಮಾತ್ರ ಊಟಕ್ಕೆ ಬಾಯಿ ತೆರೆಯಲಿಲ್ಲ. ಅಂಬಲಿ ತಂದರೆ ಹಲ್ಲು ಕಚ್ಚಿ ಮುಖ ಗೋಡೆಗೆ ತಿರುಗಿಸಿದರು. ಮರುದಿನವೂ ಹಾಗೆಯೇ. ಅತ್ತೆ ಅತ್ತರು, ಬೈದರು. ಗಂಡ ಹೊರಸಿನ ಪಕ್ಕ ಕೂತು, "ಎಪ್ಪಾ, ಒಂದು ಗುಟುಕ ತಗೋ. ನನ್ನ ಮ್ಯಾಲಿನ ಸಿಟ್ಟು ಅಂಬಲಿ ಮ್ಯಾಲ ಯಾಕ?" ಎಂದು ಬೇಡಿಕೊಂಡರು. ಮಾವನವರ ಎಡಗೈ ಹೊರಸಿನ ಕೆಳಗೆ ಗಾಳಿಯಲ್ಲಿ ತಡಕುತ್ತಲೇ ಇತ್ತು. ಮೂರನೆಯ ದಿನ ಗಂಡ ಮತ್ತೆ ಸೈಕಲ್ ಹತ್ತಿದರು. ಕುರಿಗಾರರು ಸಿಂದಗಿ ದಿಕ್ಕಿಗೆ ಎದ್ದುಹೋಗಿದ್ದರು. ಗಟ್ಟಿಮುಟ್ಟಾಗಿದ್ದ ಒಂದು ಗಂಡುಮರಿಯನ್ನು ಒಯ್ದು ಮೂರನ್ನು ಬಿಟ್ಟುಹೋಗಿದ್ದರು. ಆ ಮೂರೂ ಖಾಲಿ ಬೀಡಿನಲ್ಲಿ ಕುರಿಹಿಕ್ಕೆ ತಿನ್ನುತ್ತ ಕೂತಿದ್ದವಂತೆ.

ಮರಿಗಳು ಹೊರಸಿನ ಕೆಳಗೆ ಬಂದ ಮೇಲೆ ಮಾವನವರು ಬಾಯಿ ತೆರೆದರು. ಅತ್ತೆ ಆಮೇಲೆ ಹೊರಗೆ ಹಾಕು ಎಂದು ಬಾಯಿಬಿಟ್ಟು ಹೇಳಲಿಲ್ಲ. "ಕೂಸಿನ ಮ್ಯಾಲ ಲಕ್ಷ್ಯ ಇಡು," ಎಂದಷ್ಟೇ ಹೇಳುತ್ತಿದ್ದರು, ದಿನಕ್ಕೆ ಹತ್ತು ಸಲ. ನಾನು ಸಿಕ್ಕಿಬಿದ್ದೆ. ಮರಿಗಳನ್ನು ಕಳಿಸಿದರೆ ಮುದುಕರು ಉಣ್ಣುವುದಿಲ್ಲ. ಇಟ್ಟುಕೊಂಡರೆ ನೆಲದ ಮೇಲಿರುವ ಕೂಸಿಗೆ ರಕ್ಷಣೆಯಿಲ್ಲ.

ಈಗ ಬರೆಯುವುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಬಾವಿಯ ಹತ್ತಿರ ಸರದಿ ತಡವಾಯಿತು. ಕೊಡ ಇಳಿಸಿ ಪಡಸಾಲೆಗೆ ಬಂದೆ. ಮಾವನವರಿಗೆ ಹಾಸಿಗೆಯಲ್ಲೇ ಆಗಿಬಿಟ್ಟಿತ್ತು. ಹಾಸಿದ್ದ ಅರಿವೆಯ ಒಂದು ತುದಿ ಕೆಳಗೆ ಜೋತಿತ್ತು. ಮರಿಗಳು ಅದನ್ನು ಎಳೆದು, ಹೊರಸಿಗೆ ಮುಂಗಾಲು ಕೊಟ್ಟು ನಿಂತು ತಿನ್ನುತ್ತಿದ್ದವು. ಒಂದು ಹೇಗೋ ಮೇಲೆಯೇ ಹತ್ತಿತ್ತು. ಅವರು ಎಡಗೈಯಿಂದ ಅದನ್ನು ದೂಡುತ್ತಿದ್ದರು. ಕೈಗೆ ಬಲ ಸಾಲುತ್ತಿರಲಿಲ್ಲ. ಮರಿ ಅದನ್ನು ಆಟವೆಂದುಕೊಂಡು ಬಾಲ ಅಲ್ಲಾಡಿಸುತ್ತ ಮತ್ತೆ ಬರುತ್ತಿತ್ತು. ನನ್ನನ್ನು ನೋಡಿದ ಕೂಡಲೇ ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

ಊರಲ್ಲಿ ಹತ್ತು ಜನ ಎದ್ದು ನಿಂತು ಮಾತಾಡಿಸುತ್ತಿದ್ದ ಮನುಷ್ಯ. ನಾನು ಮರಿಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಹಾಕಿ ಬಾಗಿಲು ಮುಚ್ಚಿದೆ. ಬಿಸಿನೀರು ತಂದು ಅವರನ್ನು ಸ್ವಚ್ಛ ಮಾಡಿದೆ, ಅರಿವೆ ಬದಲಿಸಿದೆ. ಮುಗಿದ ಮೇಲೆ, "ನೀರಿಗಿ ಹೋಗಿದ್ನಿರಿ ಮಾವಾರ, ಗದ್ಲ ಇತ್ತು, ತಡಾ ಆತು," ಎಂದೆ. ಅವರು ಕಣ್ಣು ತೆರೆಯಲಿಲ್ಲ. ಹೊರಗೆ ಬಾಗಿಲು ಕೆರೆಯುವ ಸದ್ದು ಕೇಳುತ್ತಿತ್ತು. ಅರ್ಧ ತಾಸಿನ ಮೇಲೆ ಅವರ ಎಡಗೈ ಮತ್ತೆ ಕೆಳಗೆ ಇಳಿದು ತಡಕಲು ಶುರುಮಾಡಿತು. ನಾನು ಬಾಗಿಲು ತೆರೆದೆ. ಆ ಹೊತ್ತಿನಲ್ಲಿ ನನಗೆ ಮರಿಗಳ ಮೇಲೆ ಸಿಟ್ಟು ಬಂದಿತೋ, ಅವರ ಮೇಲೆಯೋ, ನನ್ನನ್ನು ಈ ಮನೆಗೆ ಕೊಟ್ಟವರ ಮೇಲೆಯೋ ತಿಳಿಯಲಿಲ್ಲ.

ಮುಂದಿನ ವಾರ ಮಗಳಿಗೆ ಜ್ವರ ಬಂತು. ಹೊಟ್ಟೆ ಬಿಗಿದು ತಮಟೆಯಂತಾಯಿತು. ವಾಂತಿಯಲ್ಲಿ ಒಂದು ಹುಳು ಬಿತ್ತು. ಅವಳನ್ನು ಸೆರಗಲ್ಲಿ ಸುತ್ತಿಕೊಂಡು ಬಸವನ ಬಾಗೇವಾಡಿಯ ಬಸ್ಸು ಹಿಡಿದೆ. ದವಾಖಾನೆಯ ಡಾಕ್ಟರರು ಹೊಟ್ಟೆ ಒತ್ತಿ ನೋಡಿ, ಔಷಧ ಬರೆದುಕೊಟ್ಟರು. "ಮಣ್ಣು ಬಾಯಿಗಿ ಹೋಗೈತಿ. ನೆಲದ ಮ್ಯಾಲ ಬಿಡಬ್ಯಾಡ್ರಿ," ಎಂದರು.

"ನಾಯಿಮರಿಯಿಂದ ಬಂದಿರಬಹುದೇನ್ರಿ?"

"ಬಂದಿರಬಹುದು, ಬರದೇನೂ ಇರಬಹುದು. ನೀವು ಎರಡನ್ನೂ ದೂರ ಇಡ್ರಿ."

ಹೊರಗೆ ಬಂದು ಅಲ್ಲಿಂದ ನೇರ ದನದ ದವಾಖಾನೆಗೆ ಹೋದೆ. ದನದ ಡಾಕ್ಟರರು ವಯಸ್ಸಾದವರು. ಒಂದು ಎಮ್ಮೆಗೆ ಸೂಜಿ ಹಾಕಿ ಕೈತೊಳೆಯುತ್ತಿದ್ದರು. ಕೂಸನ್ನು ಎತ್ತಿಕೊಂಡು ದನದ ದವಾಖಾನೆಗೆ ಬಂದ ನನ್ನನ್ನು ನೋಡಿ ಸ್ಟೂಲು ಎಳೆದು ಕೂರಿಸಿದರು. ನಾನು ಹೇಳಿದೆ. ಮಾವನವರ ಹಾಸಿಗೆಯ ಸಂಗತಿಯೊಂದನ್ನು ಬಿಟ್ಟು ಎಲ್ಲ ಹೇಳಿದೆ.

"ತಾಯಿ ಇಲ್ಲ ಅಂದಿ ಹೌದಲ್ಲ?" ಎಂದು ಕೇಳಿದರು. "ತಾಯಿ ಇದ್ದಿದ್ರ ಮರಿ ಹೇತದ್ದನ್ನ ಅದ ನೆಕ್ಕಿ ಸ್ವಚ್ಛ ಮಾಡ್ತಿತ್ತು ಯವ್ವಾ. ನಾಯಿ ಜಾತಿನ ಹಂಗ. ಮರಿ ಅದನ್ನ ನೋಡಿ ಕಲೀತಾವು. ಹೊಟ್ಟ್ಯಾಗ ಹುಳ ಆದ್ರಂತೂ ಇನ್ನಷ್ಟ ತಿಂತಾವು."

"ಬಿಡಸೂದು ಹ್ಯಾಂಗ್ರಿ?"

"ಅವು ಕೂತು ಏಳೂದ್ರಾಗ ನೀನು ಬಳದು ತಗೀಬೇಕು. ಅದೊಂದಽ ಹಾದಿ. ಹುಳಕ್ಕ ಔಷಧ ಕೊಡ್ತೇನಿ. ಹಲ್ಲು ಬದಲಾಗಿ ಆರೇಳು ತಿಂಗಳ ಆದ್ವಂದ್ರ ತಾವಽ ಬಿಡತಾವು."

ಆರೇಳು ತಿಂಗಳು. ಆಗ ಅವಕ್ಕೆ ಎರಡೂವರೆ ತಿಂಗಳು. ಬಸ್ಸಿನಲ್ಲಿ ಬರುವಾಗ ಉಳಿದ ತಿಂಗಳನ್ನು ಬೆರಳಲ್ಲಿ ಮತ್ತೆ ಮತ್ತೆ ಎಣಿಸಿದೆ.

ಆ ದಿನಗಳನ್ನು ನಾನು ಕಸ ಗುಡಿಸುವ ಬಾರಿಗೆ, ಬುಟ್ಟಿ ಹಿಡಿದುಕೊಂಡೇ ಕಳೆದೆ. ಒಂದು ಕೈಯಲ್ಲಿ ಬಾರಿಗೆ, ಪಕ್ಕದಲ್ಲಿ ಬೂದಿಯ ಬುಟ್ಟಿ. ರೊಟ್ಟಿ ಬಡಿಯುವಾಗ ಕಿವಿ ಪಡಸಾಲೆಯ ಕಡೆ. ಮರಿಯೊಂದು ನೆಲ ಮೂಸಿ ಸುತ್ತು ತಿರುಗಿದರೆ ಓಡಬೇಕು. ಹಂಚಿನ ಮೇಲೆ ರೊಟ್ಟಿ ಸುಟ್ಟು ಹೋಗುತ್ತಿತ್ತು. ಮಗಳನ್ನು ನೆಲಕ್ಕೆ ಬಿಡಬೇಡಿ ಎಂದಿದ್ದರಲ್ಲ, ಎತ್ತಿಕೊಂಡರೆ ಕೆಲಸವಾಗುತ್ತಿರಲಿಲ್ಲ. ಅಡುಗೆಮನೆಯ ಕಂಬಕ್ಕೆ ಹಳೆಯ ಸೀರೆಯ ತುಂಡಿನಿಂದ ಅವಳ ಸೊಂಟ ಕಟ್ಟಿದೆ, ಕೆಳಗೆ ಚಾಪೆ ಹಾಸಿದೆ. ಅವಳು ಚಾಪೆಯ ಅಂಚಿನವರೆಗೆ ಬಂದು ಸೀರೆ ಜಗ್ಗಿ ನಿಲ್ಲುತ್ತಿದ್ದಳು, ಅಲ್ಲಿಂದ ಕೈ ಚಾಚಿ ಅಳುತ್ತಿದ್ದಳು. ಮರಿಗಳು ಮನೆತುಂಬ ಓಡಾಡಿಕೊಂಡಿದ್ದವು, ನನ್ನ ಮಗಳು ಕಂಬದಲ್ಲಿದ್ದಳು. ಕೈ ಎಷ್ಟು ತಿಕ್ಕಿ ತೊಳೆದರೂ ವಾಸನೆ ಹೋದಂತೆ ಅನಿಸುತ್ತಿರಲಿಲ್ಲ. ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಏಳುತ್ತಿದ್ದೆ. ನಾನು ತೆಳ್ಳಗಾದೆ. ಎದೆಹಾಲು ಕಡಿಮೆಯಾಯಿತು.

ಹುಳದ ಔಷಧ ಹಾಕಿದ ಎರಡನೆಯ ದಿನ ಮೂರರಲ್ಲಿ ಸಣ್ಣದು ಸತ್ತಿತು. ಅದು ಮೊದಲೇ ಬಡಕಲು, ಹೊಟ್ಟೆ ಮಾತ್ರ ಡೊಳ್ಳು. ಹಿತ್ತಲಿನ ಬೇವಿನ ಬುಡದಲ್ಲಿ ನಾನೇ ಹೂಳಿದೆ. ಮಗಳಿಗೆ ಜ್ವರ ಇಳಿದು ಹೊಟ್ಟೆ ಮೆತ್ತಗಾಯಿತು. ಅದಕ್ಕೆ ಸಂತೋಷಪಡುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಆ ವಾರದಲ್ಲೇ ಒಂದು ಹಗಲು ನಾನು ರಸ್ತೆಯ ಕಡೆಯ ಬಾಗಿಲನ್ನು ಅಗಲವಾಗಿ ತೆರೆದಿಟ್ಟು ಒಳಗೆ ಹೋಗಿ ಕೂತೆ. ಬೇಕೆಂದೇ ತೆರೆದೆ. ಹೊರಗೆ ಹೋಗಲಿ, ಏನಾದರೂ ಆಗಲಿ, ನಾನು ಮಾಡಿದ್ದಲ್ಲ ಎಂದು ಹೇಳಬಹುದು. ಲಾರಿಗಳ ಸದ್ದು ಕೇಳುತ್ತ ಕೂತೆ. ತುಸು ಹೊತ್ತಿಗೆ ಎರಡೂ ಮರಿಗಳು ಹೊಸ್ತಿಲ ತನಕ ಹೋದವು, ಹೊರಗೆ ನೋಡಿದವು, ತಿರುಗಿ ಒಳಗೆ ಬಂದು ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿದವು. ಎದ್ದು ಬಾಗಿಲು ಹಾಕಿದೆ.

ಹತ್ತಿಗೆ ಔಷಧ ಹೊಡೆಯುವ ದಿನ ಬಂದವು. ಎಂಡ್ರಿನ್ ಎಂದರೆ ಆಗ ನಮ್ಮ ಕಡೆ ಕೂಸಿಗೂ ಗೊತ್ತು. ಹತ್ತಿಯ ಹುಳಕ್ಕೆಂದು ತಂದದ್ದನ್ನು ಎಷ್ಟೋ ಮಂದಿ ತಾವೇ ಕುಡಿದು ಸತ್ತಿದ್ದರು. ಗಂಡ ಹೊಲದಲ್ಲಿ ಹೊಡೆದು ಬಂದು, ಔಷಧ ಕಲಸಿದ ಬಕೀಟನ್ನು ಹಿತ್ತಲಿನ ಕಲ್ಲಿನ ಹತ್ತಿರ ಬೋರಲು ಹಾಕಿ, ಕಲಸುವ ಕೋಲನ್ನು ಗೋಡೆಗೆ ಆನಿಸಿ, ಸ್ನಾನಕ್ಕೆ ನೀರು ಕೇಳಿದರು. ನಾನು ನೀರು ತೋಡುತ್ತಿದ್ದೆ. ನೋಡುವಷ್ಟರಲ್ಲಿ ಬಿಳಿ ಹಣೆಯ ಮರಿ ಕೋಲನ್ನು ಮುಂಗಾಲಲ್ಲಿ ಒತ್ತಿಹಿಡಿದು ಎಲುಬು ಕಡಿದಂತೆ ಕಡಿಯುತ್ತಿತ್ತು.

ಕೋಲು ಕಿತ್ತು ಎಸೆದೆ. ಬಾಯಿ ತೊಳೆದೆ. ಮೊದಲು ಏನೂ ಆಗಲಿಲ್ಲ. ಅಂಗಳದಲ್ಲಿ ಎರಡು ಸುತ್ತು ಓಡಿತು. ಆಮೇಲೆ ತುಟಿ ಅದುರತೊಡಗಿತು, ನೊರೆ ಬಂತು, ನಾಲ್ಕೂ ಕಾಲು ಸೆಟೆದುಕೊಂಡು ಬಿದ್ದಿತು. ಪಕ್ಕದ ಮನೆಯವಳು ಗೋಡೆಯಾಚೆಯಿಂದ, "ತುಪ್ಪಾ ಕುಡಸಽ, ಹಾಲು ಕುಡಸಽ, ವಿಷ ಇಳೀತೈತಿ," ಎಂದಳು. ಮನೆಯಲ್ಲಿದ್ದ ತುಪ್ಪವೆಲ್ಲ ಕರಗಿಸಿ ಹಾಲಿಗೆ ಸೇರಿಸಿ, ದವಡೆ ಬಿಡಿಸಿ ಹೊಯ್ದೆ. ಮಗಳಿಗೆಂದು ತೆಗೆದಿಟ್ಟ ಹಾಲು ಅದು. ಮರಿಯನ್ನು ರೊಟ್ಟಿಯ ಬುಟ್ಟಿಯಲ್ಲಿಟ್ಟು ಅರಿವೆ ಮುಚ್ಚಿ, ಮಗಳನ್ನು ಅತ್ತೆಯ ಮಡಿಲಿಗೆ ಕೊಟ್ಟು ಬಸ್ಸಿಗೆ ಓಡಿದೆ. ಕಂಡಕ್ಟರ್ ಬುಟ್ಟಿಯಲ್ಲಿ ಏನು ಎಂದು ಕೇಳಿದ. ರೊಟ್ಟಿ ಎಂದೆ. ಬುಟ್ಟಿ ನನ್ನ ತೊಡೆಯ ಮೇಲೆ ನಡುಗುತ್ತಿತ್ತು. ಅವನು ನನ್ನ ಮುಖ ನೋಡಿ ಮತ್ತೇನೂ ಕೇಳದೆ ಮುಂದೆ ಹೋದ.

ದನದ ದವಾಖಾನೆಯ ಮೆಟ್ಟಿಲು ಹತ್ತುವಾಗ ಬುಟ್ಟಿಯ ನಡುಕ ನಿಂತಿತ್ತು. ಡಾಕ್ಟರರು ಅರಿವೆ ಸರಿಸಿ, ಕಣ್ಣರೆಪ್ಪೆ ಎತ್ತಿ ನೋಡಿ, ಮತ್ತೆ ಮುಚ್ಚಿದರು.

"ಏನ್ ಕುಡಿಸಿದ್ದಿ?"

"ಹಾಲು, ತುಪ್ಪಾ ಹಾಕೀನ್ರಿ. ಇದ್ದದ್ದೆಲ್ಲಾ ಹಾಕೀನ್ರಿ."

ಅವರು ಬುಟ್ಟಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ಈ ಔಷಧಕ್ಕ ತುಪ್ಪಾ, ಹಾಲು ಹಾಕಬಾರದು ಯವ್ವಾ. ಜಿಡ್ಡಿನ ಜೋಡಿ ಅದು ಲಗೂನ ಮೈಯಾಗ ಇಳೀತೈತಿ. ಮತ್ತೊಮ್ಮಿ ಯಾರಿಗರೆ ಹಿಂಗಾದ್ರ ನೆನಪಿರಲಿ ಅಂತ ಹೇಳಾಕತ್ತೇನಿ."

"ಹಾಕದಿದ್ರ ಬದಕತಿತ್ತೇನ್ರಿ?"

"ಹೇಳಾಕ ಬರಂಗಿಲ್ಲ," ಎಂದರು.

ಬುಟ್ಟಿ ಹೊತ್ತುಕೊಂಡು ಮನೆಗೆ ಬಂದೆ. ಗಂಡ ಅಂಗಳದಲ್ಲಿ ನಿಂತಿದ್ದರು. ಮದುವೆಯಾದಂದಿನಿಂದ ಅವರೆದುರು ನಾನು ಧ್ವನಿ ಎತ್ತಿರಲಿಲ್ಲ. ಅಂದು ಬುಟ್ಟಿಯನ್ನು ಅವರ ಕಾಲ ಬಳಿ ಇಟ್ಟೆ.

"ಆ ಕೋಲು ಕೂಸಿನ ಕೈಯಾಗ ಸಿಕ್ಕಿದ್ರ ಏನ್ ಮಾಡ್ತಿದ್ರಿ? ಅಕಿನೂ ಎಲ್ಲಾನೂ ಬಾಯಾಗ ಇಡತಾಳ. ನಾ ಎಷ್ಟಂತ ಕಾಯಲಿ? ಮಾವಾರ್ನ ಕಾಯಲೋ, ಕುನ್ನಿ ಕಾಯಲೋ, ಕೂಸು ಕಾಯಲೋ? ನನಗ ಇರೂದು ಎರಡ ಕಣ್ಣು."

ಅವರು ಬಕೀಟು, ಕೋಲು, ಡಬ್ಬಿ, ಪಂಪು ಎಲ್ಲವನ್ನೂ ಗಾಡಿಗೆ ಹಾಕಿಕೊಂಡು ಹೊಲದ ಗುಡಿಸಲಿಗೆ ಸಾಗಿಸಿದರು. ಮರಿಯನ್ನು ಅವರೇ ಹೂಳಿದರು. ಕಲ್ಲಿನ ಹತ್ತಿರದ ಮಣ್ಣನ್ನು ಸಲಿಕೆಯಿಂದ ಒಂದು ಗೇಣು ತೆಗೆದು ದೂರ ಒಯ್ದರು. ತುಪ್ಪದ ಸಂಗತಿ ನಾನು ಅವರಿಗೆ ಹೇಳಲಿಲ್ಲ. ಪಕ್ಕದ ಮನೆಯವಳಿಗೂ ಹೇಳಲಿಲ್ಲ. ಬಾಗಿಲು ತೆರೆದಿಟ್ಟು ಕೂತಿದ್ದೆನಲ್ಲ, ಅದು ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು. ಬೇಡಿಕೊಂಡದ್ದು ಸಿಕ್ಕಿತು, ಸಿಗುವ ಹೊತ್ತಿಗೆ ನಾನೇ ಕೈಯಾರೆ ತುಪ್ಪ ಹೊಯ್ದಿದ್ದೆ.

ಉಳಿದದ್ದು ಒಂದು ಹೆಣ್ಣುಮರಿ. ಮಾವನವರ ಕೈ ಕೆಳಗೆ ಇಳಿದು ಎಣಿಸುವಂತೆ ತಡಕಿ ಒಂದನ್ನೇ ಮುಟ್ಟಿತು. ಅವರು ಗಂಟಲಿನಿಂದ ಒಂದು ಸದ್ದು ಮಾಡಿ ನನ್ನನ್ನು ಕರೆದರು. ಗೂಟಕ್ಕೆ ತೂಗುಹಾಕಿದ್ದ ಎತ್ತಿನ ಬಾಯಿಗುಕ್ಕಿಯನ್ನು ತೋರಿಸಿದರು. ಬೆಳೆಯ ನಡುವೆ ಹೋಗುವಾಗ ತಿನ್ನದಿರಲಿ ಎಂದು ಎತ್ತಿನ ಬಾಯಿಗೆ ಕಟ್ಟುವ ಹುರಿಯ ಜಾಳಿಗೆ ಅದು. ಆಮೇಲೆ ಮರಿಯ ಮೂತಿಯನ್ನು ಬೆರಳಿನಿಂದ ಸುತ್ತಿ ತೋರಿಸಿದರು. ನನಗೆ ತಿಳಿಯಿತು. ಪುಂಡಿಯ ನಾರು ತಂದುಕೊಟ್ಟೆ.

ಮೂರು ದಿನ ಹಿಡಿಯಿತು. ಹುರಿಯ ಒಂದು ತುದಿ ಅವರ ಹಲ್ಲಿನಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವರು ಎಡಗೈಯಿಂದ ಗಂಟು ಹಾಕುವರು, ತಪ್ಪಿದರೆ ಬಿಚ್ಚುವರು. ಜೊಲ್ಲಿನಿಂದ ಹುರಿ ಒದ್ದೆಯಾಗುತ್ತಿತ್ತು. ಮಾವನವರ ಮುಖಕ್ಕೆ ಅಷ್ಟು ಹತ್ತಿರ, ಅಷ್ಟು ಹೊತ್ತು ನಾನು ಎಂದೂ ಕೂತಿರಲಿಲ್ಲ. ಸೆರಗು ಜಾರಿದ್ದು ಇಬ್ಬರ ಗಮನಕ್ಕೂ ಬರಲಿಲ್ಲ. ಕೊನೆಗೆ ನಿಂಬೆಹಣ್ಣು ಹಿಡಿಯುವಷ್ಟು ಒಂದು ಬಾಯಿಗುಕ್ಕಿ ಆಯಿತು. ನನಗೆ ಬಿಡುವಿಲ್ಲದಾಗ ಮರಿಗೆ ಕಟ್ಟುತ್ತಿದ್ದೆ, ನೀರಿಗೆ, ಊಟಕ್ಕೆ ಬಿಚ್ಚುತ್ತಿದ್ದೆ. ಮರಿ ಎರಡು ದಿನ ಮುಂಗಾಲಿನಿಂದ ಕೆರೆದುಕೊಂಡಿತು. ಆಮೇಲೆ ಒಗ್ಗಿತು. ದೊಡ್ಡದಾದಂತೆ ಎರಡು ಸಲ ಹೊಸದು ಹೆಣೆಯಬೇಕಾಯಿತು.

ಆ ದಿನಗಳಲ್ಲೇ ಇಂಡಿಯಿಂದ ನಾದಿನಿ ಬಂದಿದ್ದಳು. ಬಾಯಿಗುಕ್ಕಿ ಹಾಕಿಕೊಂಡ ಮರಿಯನ್ನೂ ಕಂಬಕ್ಕೆ ಕಟ್ಟಿದ ಮಗಳನ್ನೂ ನೋಡಿ, "ಇದೇನ ವೈನಿ, ಮನಿಯೆಲ್ಲಾ ಕಟ್ಟಿ ಹಾಕೀಯಲ್ಲ," ಎಂದು ನಕ್ಕಳು. ನನಗೆ ನಗು ಬರಲಿಲ್ಲ, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅವಳು ಹಿಂದೆಯೇ ಬಂದು ನನ್ನ ಕೈಯಿಂದ ಬಾರಿಗೆ ತೆಗೆದುಕೊಂಡಳು. ಎಂಟು ದಿನ ಇದ್ದು ಬಳಿದಳು, ತೊಳೆದಳು. ಆ ಎಂಟು ದಿನ ನಾನು ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಧ್ಯಾಹ್ನ ಕಣ್ಣು ಮುಚ್ಚಿದೆ.

ಚಳಿಗಾಲ ಬಂತು. ಒಂದು ಮುಂಜಾನೆ ಬಾಯಿಗುಕ್ಕಿ ಬಿಚ್ಚಿ ಅಂಗಳಕ್ಕೆ ಬಿಟ್ಟಾಗ ನಾಯಿ ಆಡಿನ ಹಿಕ್ಕೆಯನ್ನು ಮೂಸಿ, ಮುಖ ತಿರುಗಿಸಿ ಮುಂದೆ ಹೋಯಿತು. ನಾನು ಬಾರಿಗೆ ಹಿಡಿದು ನಿಂತೇ ಇದ್ದೆ. ಮರುದಿನವೂ ತಿನ್ನಲಿಲ್ಲ. ಯಾರೂ ಬಿಡಿಸಲಿಲ್ಲ, ಅದರ ವಯಸ್ಸು ಬಂತು, ಅದು ಬಿಟ್ಟಿತು. ಆದರೂ ಒಂದು ತಿಂಗಳು ನಾನು ಅದರ ಹಿಂದೆ ಬೂದಿಬುಟ್ಟಿ ಹಿಡಿದು ತಿರುಗಿದೆ. ಮಗಳು ಅಷ್ಟರಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದಳು.

ಬೇಸಿಗೆಯಲ್ಲಿ ಮಾವನವರಿಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ಎರಡು ದಿನ ಇದ್ದು ಹೋದರು. ನಾಯಿ ಗಂಡನ ಜೊತೆ ಹೊಲಕ್ಕೆ ಹೋಗಲು ಕಲಿಯಿತು, ಬಹಳ ವರ್ಷ ಬದುಕಿತು. ಅದು ಮೊದಲ ಸಲ ಮರಿ ಹಾಕಿದಾಗ ನಾನು ದೂರ ನಿಂತು ನೋಡಿದೆ. ಮರಿಯೊಂದು ಕೂತು ಎದ್ದಿತು. ತಾಯಿ ತಲೆ ಎತ್ತಿ, ಅದರ ಬಳಿ ಹೋಗಿ, ನೆಲವನ್ನು ನೆಕ್ಕಿ ಸ್ವಚ್ಛ ಮಾಡಿ, ಮತ್ತೆ ಬಂದು ಮಲಗಿತು. ನನಗೆ ಅಸಹ್ಯವಾಗಲಿಲ್ಲ. ಒಳಗೆ ಹೋಗಿ ಅದಕ್ಕೆ ಒಂದು ರೊಟ್ಟಿ ಹೆಚ್ಚಿಗೆ ತಂದು ಹಾಕಿದೆ.